ಹಸಿರು ಶಾಯಿಯ ಸಹಿ

ಕಾರವಾರದ ಆರೋಗ್ಯ ಇಲಾಖೆಯ ಕಚೇರಿಯಲ್ಲಿ, ವರ್ಗಾವಣೆ ನೋಡಿಕೊಳ್ಳುವ ವೈಜಯಂತಿ ಮೇಡಂ ಸಚಿವರ ಶಿಫಾರಸು ಪತ್ರವನ್ನು ಮಗುಚಿ, ಸಹಿಯ ಹಿಂಬದಿಗೆ ಬೆರಳಾಡಿಸಿದರು. ಎದುರು ಕೂತಿದ್ದ ಹರಿಶ್ಚಂದ್ರ ಕುರ್ಚಿಯ ಅಂಚಿಗೆ ಸರಿದ. ಪೆನ್ನು ಒತ್ತಿದ ಗುರುತು ಹುಡುಕುವ ಆ ವಿದ್ಯೆ ಅವನಿಗೂ ಗೊತ್ತು.

"ಇದು ಕಲರ್ ಝೆರಾಕ್ಸ್. ಅಸಲು ಪತ್ರ ಎಲ್ಲಿ?"

ಸೊಸೆ ರಕ್ಷಿತಾ ಗಾಬರಿಯಿಂದ ಮಾವನತ್ತ ನೋಡಿದಳು. ಹಣಕೋಣದ ಆಸ್ಪತ್ರೆಯಲ್ಲಿ ನರ್ಸು ಅವಳು. ಹತ್ತು ತಿಂಗಳ ಕೂಸನ್ನು ಅಂಕೋಲಾದ ಬೊಬ್ರುವಾಡದ ಮನೆಯಲ್ಲಿ ಬಿಟ್ಟು ದಿನಾ ಎರಡು ಬಸ್ಸು ಹತ್ತಬೇಕು. ಅಂಕೋಲಾಕ್ಕೆ ವರ್ಗವಾಗದಿದ್ದರೆ ಕೆಲಸ ಬಿಡುವುದೊಂದೇ ದಾರಿ.

ಅಸಲು ಪತ್ರ ಹರಿಶ್ಚಂದ್ರನ ಫೈಲಿನಲ್ಲಿತ್ತು. ಮಂತ್ರಿ, ಶಾಸಕರ ಸಹಿಯಿರುವ ಪತ್ರ ಕೂಡಿಡುವುದು ಅವನ ಮೂವತ್ತು ವರ್ಷದ ಹುಚ್ಚು. ಊರವರ ಅರ್ಜಿ ಹಿಡಿದು ಪ್ರವಾಸಿ ಮಂದಿರದ ಬಾಗಿಲು ಕಾಯುತ್ತಿದ್ದ, ಪತ್ರ ಬರೆಸಿಕೊಳ್ಳುತ್ತಿದ್ದ. ಊರವರಿಗೆ ನಕಲು, ತನಗೆ ಅಸಲು. ಸ್ವಂತ ಸೊಸೆಯ ಪತ್ರ ಕೈಗೆ ಬಂದಾಗಲೂ ಆ ಚಟ ಬಿಡಲಿಲ್ಲ. ಅವಳಿಗೆ ಇದು ಗೊತ್ತಿರಲಿಲ್ಲ.

"ಮನೇಲಿ ಉಳ್ದದೆ ಮೇಡಂ... ನಂದೇ ತಪ್ಪು. ಈಗ್ಲೇ ಹೋಗಿ ತರ್ತೆ," ಎಂದು ಎದ್ದೇಬಿಟ್ಟ.

"ತಂದೀರಿ, ಜೋಕೆ!" ಮೇಡಂ ದನಿ ತಗ್ಗಿಸಿದರು. "ಅಸಲು ಬಂದರೆ ನಾನು ದಾಖಲು ಮಾಡಲೇಬೇಕು. ವರ್ಗಾವಣೆಗೆ ಮಂತ್ರಿಗಳ ಶಿಫಾರಸು ತಂದ ನೌಕರರಿಗೆ ನೋಟಿಸು ಕೊಡಿ ಅಂತ ಮೇಲಿನಿಂದ ಆದೇಶ ಬಂದಿದೆ. ಬೆಳಿಗ್ಗೆಯಿಂದ ನಾಲ್ವರಿಗೆ ಕೊಟ್ಟೆ. ಈ ನಕಲನ್ನು ನಾನು ನೋಡಿಯೇ ಇಲ್ಲ. ಸಣ್ಣ ಕೂಸಿನ ತಾಯಿಗೆ ಹೇಗೂ ಮೊದಲ ಆದ್ಯತೆ."

ಝೆರಾಕ್ಸು ಹರಿದು ಬುಟ್ಟಿಗೆ ಬಿತ್ತು. ಅಂಕೋಲಾದ ಆದೇಶ ರಕ್ಷಿತಾಳ ಕೈಗೆ ಬಂತು.

ಬಸ್ಸಿನಲ್ಲಿ ಕೂತ ಮೇಲೆ ಹರಿಶ್ಚಂದ್ರ ಅಸಲು ಪತ್ರ ಫೈಲಿಗೆ ಸೇರಿಸಿಕೊಂಡದ್ದನ್ನು ಸೊಸೆಗೆ ಹೇಳಿಬಿಟ್ಟ. ರಕ್ಷಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ನಿಮ್ಗೆ ಬೈಯ್ಬೇಕೋ, ಕಾಲಿಗೆ ಬೀಳ್ಬೇಕೋ ತಿಳೀತಿಲ್ಲ ಮಾವಾ!"

"ಎರಡೂ ಮಾಡೇ. ಇವತ್ತು ಎಂತದೂ ನಡೀತದೆ!"

ಮನೆಗೆ ಬಂದು ಕೂಸಿಗೆ ಹಾಲುಣಿಸಿ ಮಲಗಿಸಿದ ರಕ್ಷಿತಾ, ತನ್ನನ್ನು ಉಳಿಸಿದ ಆ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ಮಗುಚತೊಡಗಿದಳು. ಹರಿಶ್ಚಂದ್ರನಿಗೆ ಹಿಡಿಸಲಾರದಷ್ಟು ಖುಷಿ. ಒಂದೊಂದೇ ಹಸಿರು ಸಹಿಗೆ ಬೆರಳಿಟ್ಟು ಇಸವಿ ಹೇಳುತ್ತ ಹೋದ. ಅವಳು ಸಹಿಯ ಮೇಲಿನ ಸಾಲುಗಳನ್ನು ಓದುತ್ತಿದ್ದಳು.

"ಮಂಜಗುಣಿಯ ಶ್ರೀಮತಿ ಬೀರಿ ಇವರಿಗೆ ಮನೆ ಮಂಜೂರು ಮಾಡುವುದು..." ಓದುತ್ತಿದ್ದವಳು ತಲೆಯೆತ್ತಿದಳು.

"ಮಾವಾ, ಈ ಬೀರಿಗೆ ಮನೆ ಸಿಕ್ತಾ?"