ಏಳನೆಯ ಪುಟ

ಮುದ್ರಣಾಲಯದಲ್ಲಿ ಯಾರದೋ ಕೈಜಾರಿ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾದ ಎಂಟು ಪುಟಗಳ ಸೀಸದ ಅಚ್ಚುಮೊಳೆಗಳನ್ನು, ಊಟತಿಂಡಿಯ ಹಂಗು ತೊರೆದು, ಎರಡೇ ಹಗಲಿನಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದು ತಾತನವರ ಜೀವನದ ದೊಡ್ಡ ಗೆಲುವು. ಆಗ ಅವರಿಗೆ ಇಪ್ಪತ್ತಾರು. ಕರಡು ತಿದ್ದುವ ಹುಡುಗಿ ಕೆಂಪು ಶಾಯಿ ಹಿಡಿದು ಕುಳಿತು, ಎಂಟು ಪುಟಕ್ಕೆ ಒಂದೇ ಒಂದು ತಪ್ಪು ಹುಡುಕಿದಳು. ಮರುವರ್ಷ ಅವರನ್ನೇ ಮದುವೆಯಾದಳು. ಅಂದಿನಿಂದ ಆಕೆಯ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವನ್ನೂ ಅವರು ದಾಟಿಸಿದ್ದಿಲ್ಲ.

ಇಂದು ಒಂದಿಡೀ ಪುಟವನ್ನೇ ಮರೆಮಾಚಬೇಕಿತ್ತು.

ಅಜ್ಜಿ ಒಳಕೋಣೆಯಲ್ಲಿ ಮಲಗಿದ್ದರು. ಅವರು ಏಳುವುದರೊಳಗೆ ಕೆಲಸ ಮುಗಿಯಬೇಕು. ತಾತ ಕನ್ನಡಕ ಏರಿಸಿ ಮೊಮ್ಮಗಳ ಕಂಪ್ಯೂಟರಿನ ಮುಂದೆ ಕುಳಿತರು.

ಆಸ್ಪತ್ರೆಯವರು ಕಳಿಸುವ ಪಿಡಿಎಫ್‌ಗಳಿಗೆ ಎರಡು ಬೀಗ. ಓದಲು ಅಜ್ಜಿಯ ಹುಟ್ಟಿದ ದಿನಾಂಕವೇ ಪಾಸ್‌ವರ್ಡ್. ಪುಟ ತೆಗೆಯಲು, ಹಿಂದುಮುಂದು ಮಾಡಲು, ತಿದ್ದಲು ಬಿಡದ ಬೀಗ ಬೇರೆ. ಅದನ್ನು ಬಿಚ್ಚುವುದನ್ನು ಮೊಮ್ಮಗಳೇ ಕಲಿಸಿದ್ದಳು. ಹೋದ ಚಳಿಗಾಲದಿಂದ ಬಂದ ವರದಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಪುಟಸಂಖ್ಯೆ ಹಾಕಿ, ಮನೆಯ ಉಪಯೋಗಕ್ಕೆಂದು ತಾತ ಒಂದೇ ಸಂಪುಟ ಮಾಡಿಟ್ಟಿದ್ದರು.

ಈ ಸಲದ ಫೈಲಿಗೆ ಎರಡನೆಯ ಬೀಗವೇ ಇರಲಿಲ್ಲ. ಹಾಕಲು ಮರೆತಿರಬೇಕು, ಪುಣ್ಯಾತ್ಮರು.

ಏಳನೆಯ ಪುಟದಲ್ಲಿ ದೊಡ್ಡ ಡಾಕ್ಟರ ಮಾತು: ಚಿಕಿತ್ಸೆಯಿಂದ ಇನ್ನು ಪ್ರಯೋಜನವಿಲ್ಲ, ಉಳಿದಿರುವುದು ಹೆಚ್ಚೆಂದರೆ ಒಂದು ವರ್ಷ. ತಾತ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿದರು. ಆದರೂ ಹಳೆಯ ಕಣ್ಣು ಸುಮ್ಮನಿರಲಿಲ್ಲ.

“ನೋಡಿಲ್ಲಿ, ‘ವರ್ಷ’ ಸಾಲಿನಿಂದ ಕೂದಲೆಳೆಯಷ್ಟು ಮೇಲೆ ಕೂತಿದೆ. ನಮ್ಮ ಕಾಲದಲ್ಲಿ ಹೀಗೆ ಜೋಡಿಸಿದ್ರೆ ಮೇಸ್ತ್ರಿ ಕಿವಿ ಹಿಂಡ್ತಿದ್ದ.”

ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಕಿಟಕಿಯ ಕಡೆಗೆ ತಿರುಗಿದಳು.

“ಈ ಪುಟ ತೆಗೀತೀನಿ. ಅಜ್ಜಿ ಹತ್ರ ಬಾಯಿಬಿಟ್ಟೀಯ, ಜೋಕೆ!”

“ನಾನು ಯಾರ ಹತ್ರಾನೂ ಏನೂ ಹೇಳಲ್ಲ ತಾತ.”

ತಾತ ಏಳನೆಯದನ್ನು ಕಿತ್ತರು. ಉಳಿದವುಗಳ ಅಡಿಯಲ್ಲಿದ್ದ ‘ಒಟ್ಟು ಏಳು’ ಎಂಬುದನ್ನು ಆರು ಮಾಡಿದರು. ಸಾಲು ಸರಿಯಾಗಿ ಕೂರುವವರೆಗೆ ಬಿಡಲಿಲ್ಲ. ಆರು ಹಾಳೆಗಳು ಬೆಚ್ಚಗೆ ಪ್ರಿಂಟರಿನಿಂದ ಹೊರಬಂದವು.

ಅಜ್ಜಿ ದಿಂಬಿಗೊರಗಿ, ಸಾಲಿನ ಕೆಳಗೆ ಬೆರಳಾಡಿಸುತ್ತ ಓದಿದರು. ಕೊನೆಯ ಹಾಳೆಯನ್ನು ತಿರುವಿ ಅದರ ಬೆನ್ನನ್ನೂ ನೋಡಿದರು.

“ರೀ, ನೀವು ಓದಿದ್ರಾ? ಕೊನೇವರೆಗೂ?”

“ಓದದೆ ಕೊಡ್ತೀನಾ?”

“ಧೈರ್ಯವಾಗಿದೀರಾ?”

“ನನಗೇನು ಧಾಡಿ? ಎಲ್ಲ ಸರಿಹೋಗುತ್ತೆ ಅಂತ ಬರೆದಿದಾರಲ್ಲ!”

ಅಜ್ಜಿ ಗಂಡನ ಮುಖವನ್ನು ಬಹಳ ಹೊತ್ತು ಓದಿದರು. ಆಮೇಲೆ ನಕ್ಕು ಹಾಳೆಗಳನ್ನು ಮಡಿಸಿದರು. “ನೀವು ಜೋಡಿಸಿದ್ರಲ್ಲಿ ನಾನೇನು ತಪ್ಪು ಹುಡುಕ್ಲಿ, ಬಿಡಿ.”

ಬಾಗಿಲು ಮುಂದೆ ಮಾಡಿಕೊಂಡು ಹೊರಬಂದ ತಾತ ಗೋಡೆ ಹಿಡಿದು ನಿಂತರು. ಕಣ್ಣೊರೆಸಿಕೊಂಡು ಪಿಸುಗುಟ್ಟಿದರು: “ಸಮುದ್ರ ನೋಡ್ಬೇಕು ಅಂತ ಮದುವೆಯಾದಾಗಿಂದ ಅಂತಿದಾಳೆ. ನಾಳೆ ನಾಳೆ ಅಂತಾನೇ ತಳ್ಳಿದೆ, ಪಾಪಿ ನಾನು. ಈ ಸಲ ತಪ್ಪಿಸಲ್ಲ. ಸೆಕೆ ಕಳೀಲಿ, ನಿನ್ನ ಪರೀಕ್ಷೆ ಮುಗೀಲಿ. ಆರು ತಿಂಗಳು ಬಿಟ್ಟು ಮೂರೂ ಜನ ಹೋಗೋಣ.”

“ನಾಳೇನೇ ಹೋಗೋಣ ತಾತ.”

“ಹುಚ್ಚುಹುಡುಗಿ! ಅವಸರ ಏನು? ವರ್ಷ ಇದೆಯಲ್ಲ.”

ಮೊಮ್ಮಗಳು ಒಳಕೋಣೆಯ ಬಾಗಿಲನ್ನೊಮ್ಮೆ ನೋಡಿದಳು. ಕೊಟ್ಟ ಮಾತನ್ನು ಮುರಿದಳು.

“ಅಲ್ಲಿ ‘ತಿಂಗಳು’ ಅಂತಿತ್ತು ತಾತ. ನಿಮಗೆ ತಡಕೊಳ್ಳೋಕಾಗಲ್ಲ ಅಂತ ನನ್ನ ಕೈಲಿ ಬೀಗ ತೆಗೆಸಿ, ‘ವರ್ಷ’ ಹಾಕಿಸಿದ್ದು ಅಜ್ಜಿ.”