ಓಕರಿಕೆ

ಬಚ್ಚಲುಮನೆಯ ಮೂಲೆಯಲ್ಲಿ, ಹಳೆಯ ಸೀರೆಗಳ ಮೇಲೆ ಮಲಗಿ, ಮನೆಯ ನಾಯಿ ಚಿನ್ನಿ ಮೂರನೆಯ ಮರಿ ಹಾಕುತ್ತಿತ್ತು. ರಕ್ತ, ಹಸಿರುಗಟ್ಟಿದ ಲೋಳೆ, ಉಸಿರು ಕಟ್ಟಿಸುವ ಹಸಿ ವಾಸನೆ. ಅದರ ನಡುವೆಯೇ ಮುಕುಂದ ಪಂಚೆ ಎತ್ತಿ ಕಟ್ಟಿ ಕೂತಿದ್ದ. ಹೆಂಡತಿ ವಾರಿಜ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಇನ್ನೊಂಚೂರು ತಡ್ಕೋ ಪುಟ್ಟಾ, ನಾನಿದೀನಲ್ಲ," ಎಂದು ಅವನು ನಾಯಿಯ ತಲೆ ಸವರಿದ. ಅವನ ಈ ಮೆದು ದನಿ ಅವಳಿಗೆ ಹೊಸದು.

ಮರಿ ಜಾರಿ ಅವನ ಅಂಗೈಗೆ ಬಿತ್ತು. ಮೈಗೆ ಅಂಟಿದ್ದ ಪೊರೆಯನ್ನು ಉಗುರಿನಿಂದಲೇ ಹರಿದು ತೆಗೆದ. ಮರಿ ಮಿಸುಕಲಿಲ್ಲ. ಬಟ್ಟೆಯಲ್ಲಿ ತಿಕ್ಕಿದರೂ ಉಸಿರು ಬರಲಿಲ್ಲ. ಅವನು ಹಿಂದೆಮುಂದೆ ನೋಡದೆ ಅದರ ಮೂತಿಗೆ ಬಾಯಿಟ್ಟು, ಲೋಳೆಯನ್ನು ಹೀರಿ ಪಕ್ಕಕ್ಕೆ ಉಗಿದ. ಮತ್ತೆ ಹೀರಿದ.

ವಾರಿಜಳಿಗೆ ಉಂಡದ್ದೆಲ್ಲ ಗಂಟಲಿಗೆ ಬಂತು. ಸಿಂಕಿನ ಕಡೆ ಓಡಿದಳು. ಬಾಯಿ ಮುಕ್ಕಳಿಸಿ ಬರುವ ಹೊತ್ತಿಗೆ ಮರಿ ಕುಂಯ್‌ಗುಡುತ್ತಿತ್ತು.

"ಬದುಕ್ತು ಕಣೇ! ಹಿಡ್ಕೋ ಇದನ್ನ." ಅವನ ಗಡ್ಡದಲ್ಲಿ ಲೋಳೆ, ಕಣ್ಣಲ್ಲಿ ನೀರು.

ಅವಳು ಕೈ ಚಾಚಲಿಲ್ಲ.

"ಥೂ, ನೀನೂ ಒಂದು ಹೆತ್ತವಳೇ ಅಲ್ವಾ? ಮೂಕಪ್ರಾಣಿ ಕಂಡು ವಾಂತಿ ಮಾಡ್ಕೋತೀಯಲ್ಲ!"

"ನಾಯಿ ಕಂಡು ಅಲ್ಲ ರೀ," ಎಂದಳು ವಾರಿಜ. "ಆಸ್ಪತ್ರೇಲಿ ನರ್ಸು ನಮ್ಮ ಮಗಳನ್ನ ನಿಮ್ಮ ಕೈಗೆ ಕೊಡೋಕೆ ಬಂದಾಗ, 'ಛೀ, ಮೊದಲು ತೊಳೆದು ತನ್ನಿ' ಅಂತ ಹಿಂದೆ ಸರಿದ್ರಲ್ಲ, ಆ ಮುಖ ಕಣ್ಣಿಗೆ ಬಂತು."