ಬಾಟಲಿಯ ಮೇಲಿನ ಹೆಸರು

"ಪಪ್ಪಾ, ನಿಮ್ಮ ರಿಪೋರ್ಟ್ ಬಂತು. ಮಲದಲ್ಲಿ ರಕ್ತ ಉಂಟು" ಎಂದಳು ಮಣಿಪಾಲದಲ್ಲಿ ನರ್ಸ್ ಆಗಿರುವ ಮಗಳು ರೀನಾ. "ರಕ್ತ ಅಂದ ಕೂಡಲೇ ಕ್ಯಾನ್ಸರ್ ಅಂತ ಅಲ್ಲ. ಆದರೆ ಒಳಗೆ ಕ್ಯಾಮರಾ ಹಾಕಿ ನೋಡಲೇಬೇಕು. ಶುಕ್ರವಾರಕ್ಕೆ ನಿಮ್ಮ ಹೆಸರು ಬರೆಸಿದ್ದೇನೆ."

ಕೆಮ್ಮಣ್ಣು ಊರಿನ ರೊಸಾರಿಯೊ ಫೋನ್ ಹಿಡಿದುಕೊಂಡೇ ಜಗಲಿಯಲ್ಲಿ ಕುಳಿತರು. ಗಾಬರಿಯೇನೋ ಆಯಿತು, ಯಾರಿಗಾಗಿ ಎಂದು ತಿಳಿಯಲಿಲ್ಲ. ಪರೀಕ್ಷೆಗೆ ಕೊಟ್ಟ ಬಾಟಲಿಯಲ್ಲಿದ್ದದ್ದು ಅವರದ್ದೇ ಅಲ್ಲ.

ಅಣ್ಣ ಜೋನ್ ಗುದನಾಳದ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ, ಒಡಹುಟ್ಟಿದವರು ಮೊದಲೇ ನೋಡಿಸಿಕೊಳ್ಳಬೇಕು ಎಂದು ರೀನಾ ಬೆನ್ನು ಬಿದ್ದಿದ್ದಳು. ಕೊನೆಗೆ ಮಲ ಪರೀಕ್ಷೆಗೆಂದು ಅಪ್ಪನ ಹೆಸರು ಬರೆದ ಪುಟ್ಟ ಬಾಟಲಿಯನ್ನೇ ತಂದುಕೊಟ್ಟಳು. ಕುವೈತಿನಲ್ಲಿ ಮೂವತ್ತು ವರ್ಷ ಕ್ರೇನ್ ನಡೆಸಿದ ಧೈರ್ಯವಂತರು ಆ ಬಾಟಲಿಗೆ ಹೆದರಿದರು. ತೋಟದಲ್ಲಿ ತೆಂಗಿನ ಬುಡದ ಮಣ್ಣು ಬಿಡಿಸುತ್ತಿದ್ದ ಚಂದಪ್ಪನನ್ನು ಕರೆದರು. ಗದಗಿನ ಕಡೆಯವನು, ಕಲ್ಲು ತಿಂದರೂ ಕರಗಿಸುವ ಆಳು. ಅವನದ್ದಾದರೆ ರಿಪೋರ್ಟ್ ಚೊಕ್ಕ ಬರುತ್ತದೆ, ಮಗಳ ಬಾಯಿಯೂ ಮುಚ್ಚುತ್ತದೆ. ಚಂದಪ್ಪ ನಗುತ್ತಲೇ ತುಂಬಿಸಿಕೊಟ್ಟಿದ್ದ.

'ಸದ್ಯ, ನನ್ನದಲ್ಲ' ಎಂದು ರೊಸಾರಿಯೊ ಒಂದು ಕ್ಷಣ ಹಗುರಾದರು. ಹಗುರಾದದ್ದಕ್ಕೆ ನಾಚಿಕೆಯಾಯಿತು. ಹಾಗಾದರೆ ತನ್ನದು? ಅದನ್ನು ಯಾರೂ ನೋಡಿಯೇ ಇಲ್ಲವಲ್ಲ! ತಲೆ ಕೆಟ್ಟು ತೋಟಕ್ಕೆ ನಡೆದರು.

"ಚಂದಪ್ಪ, ನಿನಗೆ ಸಂಡಾಸಿಗೆ ಹೋಗುವಾಗ ರಕ್ತ ಹೋಗುವುದುಂಟಾ?"

"ವರ್ಷ ಆತ್ರೀ ಸಾವ್ಕಾರ್ರ. ಖಾರ ತಿಂತೀವಲ್ರೀ, ಮೂಲವ್ಯಾಧಿ ಇರಬೇಕು ಅಂತ ಬಿಟ್ಟೇನಿ. ಯಾಕ್ರೀ?"

"ಆ ಬಾಟಲಿಯಲ್ಲಿ ರಕ್ತ ಸಿಕ್ಕಿದೆ ಮಾರಾಯ. ಶುಕ್ರವಾರ ನೀನು ಆಸ್ಪತ್ರೆಗೆ ಹೋಗಬೇಕು."

ಚಂದಪ್ಪ ಹಾರೆ ಊರಿ ಅವರ ಮುಖವನ್ನೇ ನೋಡಿದ. "ಅದರ ಮ್ಯಾಲೆ ನಿಮ್ಮ ಹೆಸರಿತ್ತಲ್ರೀ. ಬ್ಯಾನಿ ನಂದು ಹೆಂಗಾತು?"

ರೊಸಾರಿಯೊ ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿ, ತಾನು ಮಾಡಿದ ಘನಕಾರ್ಯವನ್ನು ತಡವರಿಸುತ್ತ ಹೇಳಿದರು.

"ಈಗ ಎಂತ ಮಾಡಲಿ ಪಪ್ಪಾ? ನಿಮ್ಮ ಹೆಸರು ತೆಗೆದು ಚಂದಪ್ಪನ ಹೆಸರು ಬರೆಸಲಾ?"

ರೊಸಾರಿಯೊ ಚಂದಪ್ಪನತ್ತ ನೋಡಿದರು. ಅವನು ಇನ್ನೂ ಉತ್ತರಕ್ಕೆ ಕಾಯುತ್ತಿದ್ದ.

"ಅವನದ್ದು ಬರೆಸು" ಎಂದರು. "ನನ್ನದು ತೆಗೆಯಬೇಡ."